ಹಿಮಕುಸಿತದ ಎಚ್ಚರಿಕೆಯಲ್ಲಿ ‘3’ ಅಂದರೆ ಎಷ್ಟು ಅಪಾಯ?

ಹಿಮಕುಸಿತದ ಮುನ್ಸೂಚನೆ 1ರಿಂದ 5ರವರೆಗಿನ ಅಂಕಿಯಲ್ಲಿ ಬರುತ್ತದೆ. ಯುರೋಪಿನಲ್ಲಿ 1993ರಿಂದ ಇದೇ ಅಳತೆ. ಬೆಟ್ಟಕ್ಕೆ ಹೊರಟವರು ‘3’ ನೋಡಿ, ಐದರಲ್ಲಿ ಮೂರು ತಾನೇ, ಪರವಾಗಿಲ್ಲ ಅಂದುಕೊಳ್ಳುತ್ತಾರೆ. ನನಗೆ ಜಾಸ್ತಿ ಭಯ ಹುಟ್ಟಿಸುವುದು ಇದೇ ಅಂಕಿ. ಒಂದೊಂದು ಮಟ್ಟ ಏರಿದಾಗಲೂ ಅಪಾಯ ಹಲವು ಪಟ್ಟು ಬೆಳೆಯುತ್ತದೆ. ಸ್ವಿಟ್ಜರ್ಲೆಂಡ್‌ನಲ್ಲಿ ಹಿಮಕುಸಿತದ ಸಾವುಗಳಲ್ಲಿ ಸುಮಾರು ಅರ್ಧ ಮೂರನೇ ಮಟ್ಟದ ದಿನಗಳಲ್ಲೇ ಆಗುತ್ತವೆ. ನಾಲ್ಕು ಅಂದರೆ ಹೆಚ್ಚಿನವರು ಹಿಂದೆ ಸರಿಯುತ್ತಾರೆ, ಮೂರಕ್ಕೆ ಹೊರಟುಬಿಡುತ್ತಾರೆ. ಆ ದಿನ ಇಡೀ ಇಳಿಜಾರು ಜಾರಲು ಒಬ್ಬ ಸ್ಕೀಯರ್‌ನ ಭಾರ ಸಾಕು.

ಒಬ್ಬನ ಭಾರಕ್ಕೆ ಅಷ್ಟೊಂದು ಹಿಮ ಜಾರುವುದು ಹೇಗೆ? ಕಾರಣ ಒಳಗಿನ ಪದರದಲ್ಲಿದೆ. ಹಿಮ ತೆಳುವಾಗಿದ್ದು, ಚಳಿ ಜೋರಾಗಿದ್ದಾಗ ಅಡಿಯ ನೆಲ ಹಿಮಕ್ಕಿಂತ ಬೆಚ್ಚಗಿರುತ್ತದೆ. ಅಲ್ಲಿಂದ ಆವಿ ಮೇಲೇರುತ್ತಾ ಹಿಮದ ಕಣಗಳನ್ನು ದಪ್ಪ, ಮೂಲೆಮೂಲೆಯ ಹರಳುಗಳನ್ನಾಗಿ ಮಾಡುತ್ತದೆ. ಕೈಗೆತ್ತಿಕೊಂಡರೆ ಸಕ್ಕರೆಯ ಹಾಗೆ ಉದುರುತ್ತವೆ, ಒಂದಕ್ಕೊಂದು ಅಂಟುವುದೇ ಇಲ್ಲ. ಅದರ ಮೇಲೆ ಗಾಳಿ ಹೊಸ ಹಿಮ ತಂದು ಗಟ್ಟಿ ಚಪ್ಪಡಿ ಕಟ್ಟುತ್ತದೆ. ಒಂದು ಕಡೆ ಒಳಪದರ ಕುಸಿದರೆ ಬಿರುಕು ಕ್ಷಣದಲ್ಲಿ ಸುತ್ತೆಲ್ಲ ಹರಡುತ್ತದೆ.

ಇದನ್ನು ಪರೀಕ್ಷಿಸಲು ನಾವು ಗುಂಡಿ ತೋಡುತ್ತೇವೆ. ಉದ್ದಗಲ 30 ಸೆಂ.ಮೀ. ಇರುವ ಹಿಮದ ಕಂಬವನ್ನು ಸುತ್ತಲಿಂದ ಬಿಡಿಸಿ, ಮೇಲೆ ಸಲಿಕೆಯ ತಲೆ ಇಟ್ಟು ತಟ್ಟುತ್ತೇವೆ. ಮಣಿಕಟ್ಟಿನಿಂದ 10 ಏಟು, ಮೊಣಕೈಯಿಂದ 10, ಭುಜದಿಂದ 10. ಮೊದಲ ಏಟುಗಳಿಗೇ ಮೇಲಿನ ತುಂಡು ಸಪಾಟಾಗಿ ಜಾರಿ ಮುಂದೆ ಬಂದರೆ ಅಲ್ಲಿಂದಲೇ ವಾಪಸ್. ಜಾರದಿದ್ದರೆ? ಸುಮ್ನೆ ಧೈರ್ಯ ತಂದುಕೊಳ್ಳಬೇಡಿ. ನಾಲ್ಕು ಮಾರು ಆಚೆ ಹಿಮ ಬೇರೆಯೇ ಇರಬಹುದು. ಹೋಗುವುದು ಬೇಡ ಅನ್ನಲು ಈ ಪರೀಕ್ಷೆ ಸಾಕು, ಹೋಗಬಹುದು ಅನ್ನಲು ಸಾಲದು. ಕಾಲ ಕೆಳಗೆ ‘ಧಸಕ್’ ಅಂತ ಸದ್ದು ಬಂದರಂತೂ ಗುಂಡಿಯ ಅಗತ್ಯವೇ ಇಲ್ಲ. ಪದರ ಆಗಲೇ ಕುಸಿದಿದೆ.

ಚಪ್ಪಡಿ ಜಾರುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಹಾಗಾಗಿ ಅನುಮಾನವಿದ್ದ ದಿನ 30ಕ್ಕಿಂತ ಕಡಿಮೆ ಇಳಿಜಾರನ್ನೇ ಆರಿಸಿಕೊಳ್ಳಿ. ತಲೆಯ ಮೇಲೆ ಕಡಿದಾದ ಇಳಿಜಾರು ಇದೆಯಾ ಅಂತಲೂ ನೋಡಿ. ಮೇಲಿನದು ಜಾರಿದರೂ ನೀವಿರುವಲ್ಲಿಗೇ ಬರುತ್ತದೆ, ಅಲ್ವಾ?

ಊರುಗಳ ಲೆಕ್ಕ ಬೇರೆ. ಅಲ್ಲಿ ಉಕ್ಕಿನ ತಡೆಬೇಲಿ, ಕಾಡು, ಮನೆ ಕಟ್ಟಬಾರದ ಕೆಂಪು ವಲಯ ಇವೆಲ್ಲ ಜೀವ ಉಳಿಸುತ್ತವೆ. ಆದರೂ 1999ರಲ್ಲಿ ಆಸ್ಟ್ರಿಯಾದ ಗಾಲ್ಟೂರ್‌ನಲ್ಲಿ ಹಿಮ ಸುರಕ್ಷಿತ ಅಂದುಕೊಂಡ ಜಾಗಕ್ಕೂ ನುಗ್ಗಿ 31 ಜನ ಸತ್ತರು. ವಲಯದ ನಕ್ಷೆಯನ್ನು ಒಮ್ಮೆ ಬರೆದು ಬಿಡುವಂತಿಲ್ಲ.

ಪೂರ್ತಿ ಹೂತುಹೋದವರನ್ನು ಹತ್ತು ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಜನ ಬದುಕುತ್ತಾರೆ. ಅರ್ಧ ಗಂಟೆಯಾದರೆ ಮೂವರಲ್ಲಿ ಒಬ್ಬರು. ಹೆಲಿಕಾಪ್ಟರ್ ಸಾಮಾನ್ಯವಾಗಿ ಅಷ್ಟರಲ್ಲಿ ಬರುವುದಿಲ್ಲ. ಬದುಕಿಸಬೇಕಾದವರು ಜೊತೆಯಲ್ಲಿದ್ದವರೇ. ಪ್ರತಿಯೊಬ್ಬರ ಬಳಿಯೂ ಟ್ರಾನ್ಸ್‌ಸೀವರ್ (ಹೂತವರ ಜಾಗ ಪತ್ತೆಗೆ ಸಂಕೇತ ಕಳಿಸುವ, ಹಿಡಿಯುವ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಇರಲಿ. ಇಳಿಜಾರನ್ನು ಒಬ್ಬೊಬ್ಬರಾಗಿ ದಾಟಿ, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ಅವರ ಮೇಲೇ ಕಣ್ಣಿಟ್ಟಿರಿ. ಕೊನೆಗೆ ಎಲ್ಲಿ ಕಂಡಿದ್ದರು ಅನ್ನುವುದು ಗೊತ್ತಿದ್ದರೆ, ಹುಡುಕುವುದನ್ನು ಅಲ್ಲಿಂದ ಕೆಳಗೆ ಶುರು ಮಾಡಬಹುದು.