ಪಾವ್‌ನಲ್ಲೂ ಪಂಚೆಯಲ್ಲೂ ಅದೇ ಗ್ಲೂಕೋಸ್

"ಅನ್ನ ಬಿಟ್ಟುಬಿಟ್ಟೆ. ಕಾರ್ಬ್ಸ್ ಅಂದ್ರೆ ವಿಷ ಕಣೋ." ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಮೇಲಿನ ಮನೆ ಅಕ್ಕ ಹೀಗೆಂದಾಗ ನನಗೆ ಬೇಜಾರಾಯಿತು. ಅವರು ಉಟ್ಟಿದ್ದ ಹತ್ತಿ ಸೀರೆಯೂ ಕಾರ್ಬೋಹೈಡ್ರೇಟೇ ಅಲ್ವಾ!

ವಡಾಪಾವ್‌ನ ಪಿಷ್ಟ, ಹತ್ತಿಯ ಸೆಲ್ಯುಲೋಸ್, ಎರಡೂ ಗ್ಲೂಕೋಸ್ ಎಂಬ ಸಕ್ಕರೆಯನ್ನು ಪೋಣಿಸಿದ ಉದ್ದನೆಯ ಸರಗಳು. ಒಂದನ್ನು ತಿನ್ನುತ್ತೇವೆ, ಇನ್ನೊಂದನ್ನು ಉಡುತ್ತೇವೆ. ವ್ಯತ್ಯಾಸವೆಲ್ಲ ಕೊಂಡಿಯಲ್ಲಿದೆ.

ಲೋಕಲ್ ಟ್ರೇನ್ ನೆನಪಿಸಿಕೊಳ್ಳಿ, ಒಂದೊಂದು ಡಬ್ಬಿಯೂ ಒಂದೊಂದು ಗ್ಲೂಕೋಸ್ ಅನ್ನಿ. ಎಲ್ಲ ಡಬ್ಬಿಗಳನ್ನೂ ನೆಟ್ಟಗೆ ನಿಲ್ಲಿಸಿ ಜೋಡಿಸಿದರೆ ಪಿಷ್ಟ. ಒಂದು ನೆಟ್ಟಗೆ, ಮುಂದಿನದು ತಲೆಕೆಳಗೆ, ಹೀಗೇ ಜೋಡಿಸುತ್ತ ಹೋದರೆ ಸೆಲ್ಯುಲೋಸ್. ಮೊದಲನೆಯದು ಹಳೇ ಫೋನಿನ ವಯರಿನಂತೆ ಸುರುಳಿ ಸುತ್ತುತ್ತದೆ. ಆ ಸುರುಳಿಯೊಳಗೆ ಅಯೋಡಿನ್ ಹೊಕ್ಕರೆ ಕಡುನೀಲಿ ಬಣ್ಣ. ಎರಡನೆಯದು ಸುತ್ತುವುದೇ ಇಲ್ಲ. ಮಗ್ಗದ ಹಾಸುನೂಲಿನಂತೆ ಸರಗಳು ಪಕ್ಕಪಕ್ಕ ಮಲಗುತ್ತವೆ, ಹೈಡ್ರೋಜನ್ ಬಂಧಗಳು ಅವನ್ನು ಹೊಲಿದುಬಿಡುತ್ತವೆ. ಒಂದೊಂದು ಹೊಲಿಗೆ ಸಡಿಲ, ಸಾವಿರಾರು ಸೇರಿದರೆ ಬಲು ಗಟ್ಟಿ. ಜುಲೈ ಮಳೆಯಲ್ಲಿ ನೆನೆದ ಪಾವ್ ಮುದ್ದೆಯಾಗುತ್ತದೆ, ಅಂಗಿ ಮಾತ್ರ ಹಾಗೇ ಇರುತ್ತದೆ.

ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಆನ್ಸೆಲ್ಮ್ ಪಾಯೆನ್ 1833ರಲ್ಲಿ ಜೊತೆಗಾರ ಪರ್ಸೋ ಜೊತೆ ಸೇರಿ, ಪಿಷ್ಟ ಒಡೆಯುವ ಡಯಾಸ್ಟೇಸ್ ಎಂಬ ಕಿಣ್ವವನ್ನು ಬಾರ್ಲಿ ಮೊಳಕೆಯಿಂದ ತೆಗೆದರು. 1838ರಲ್ಲಿ ಅದೇ ಪಾಯೆನ್ ಮರದಿಂದ ಸೆಲ್ಯುಲೋಸ್ ಬೇರ್ಪಡಿಸಿ ನೋಡಿದರೆ, ಅದರಲ್ಲಿ ಪಿಷ್ಟದ ಧಾತುಗಳೇ, ಪಿಷ್ಟದ ಪ್ರಮಾಣದಲ್ಲೇ! ಆಮೇಲೆ 1854ರಲ್ಲಿ ಕಾವಸ್‌ಜಿ ದಾವರ್ ಮುಂಬಯಿಯ ಮೊದಲ ಹತ್ತಿ ಗಿರಣಿ ಕಟ್ಟಲು ಹೊರಟರು. ಈ ಊರು ಬೆಳೆದದ್ದೇ ಆ ತಲೆಕೆಳಗಾದ ಕೊಂಡಿಯ ಮೇಲೆ ಅಂತ ನನಗೆ ಎಷ್ಟೋ ಸಲ ಅನ್ನಿಸುತ್ತದೆ.

ನಮ್ಮ ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಒಂದು ಬೀಗದ ಕೈ. ಪಿಷ್ಟದ ಕೊಂಡಿಗೆ ಸರಿಯಾಗಿ ಕೂತು ಅದನ್ನು ಬಿಡಿಸುತ್ತದೆ, ಸೆಲ್ಯುಲೋಸಿನದಕ್ಕೆ ಕೂರುವುದಿಲ್ಲ. ಹಾಗಾಗಿ ಸೊಪ್ಪಿನ ಸೆಲ್ಯುಲೋಸ್ ನಮಗೆ ನಾರು ಅಷ್ಟೇ. ದೇವಸ್ಥಾನದ ಹೊರಗೆ ಹುಲ್ಲಿನ ಕಂತೆ ಕೊಂಡು ಹಸುವಿಗೆ ತಿನ್ನಿಸುತ್ತೇವಲ್ಲ, ಆ ಹಸುವಿನ ಬಳಿಯೂ ಈ ಕೈ ಇಲ್ಲ. ಅದರ ಹೊಟ್ಟೆಯ ಸೂಕ್ಷ್ಮಜೀವಿಗಳ ಬಳಿ ಇದೆ.

ನಮ್ಮ ಮೆದುಳು ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಉರಿಸುತ್ತದೆ. ಯಕೃತ್ತು 100 ಗ್ರಾಂನಷ್ಟನ್ನು ಗ್ಲೈಕೋಜನ್ ಎಂಬ ಇನ್ನೊಂದು ಗ್ಲೂಕೋಸ್ ಸರ ಮಾಡಿ ಕೂಡಿಡುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಅನ್ನದ ಅಳತೆ ನೋಡಲೇಬೇಕು, ನಿಜ. ಅದಕ್ಕೆ ವಿಷ ಅನ್ನಬೇಕಾ?

ಅಕ್ಕನಿಗೆ ಒಂದು ತುತ್ತು ಬರೀ ಅನ್ನ ಕೊಟ್ಟು, ನುಂಗದೆ ಎರಡು ನಿಮಿಷ ಅಗಿಯಿರಿ ಅಂದೆ. ಅಗಿಯುತ್ತಾ ಅಗಿಯುತ್ತಾ ಕಣ್ಣರಳಿಸಿದರು.

"ಸಕ್ಕರೆ ಹಾಕಿದ್ದೀಯೇನೋ?"