ಸೀಟು ಖಾಲಿ, ಆದರೂ ಜಾಗ ಇಲ್ಲ: ಪೈಲಟ್‌ಗಳ ಜಂಪ್‌ಸೀಟ್ ತಕರಾರು ಎಲ್ಲಿಂದ ಬಂತು?

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಬೆಂಗಳೂರು ವಿಮಾನಕ್ಕೆ ಕಾಯುತ್ತಿದ್ದೆವು. ಬಿಳಿ ಅಂಗಿ, ಹೆಗಲ ಮೇಲೆ ಪಟ್ಟಿ ಇದ್ದ ಒಬ್ಬರು ಚೆಕ್-ಇನ್ ಕೌಂಟರಿನ ಪಕ್ಕ ನಿಂತೇ ಇದ್ದರು. ಎಲ್ಲರ ಬ್ಯಾಗೂ ಒಳಗೆ ಹೋಯಿತು, ಅವರ ಸರದಿ ಬರಲಿಲ್ಲ. ನನ್ನ ಹಿಂದಿದ್ದ ಅಜ್ಜ ತಡೆಯಲಾರದೆ ಕೇಳಿಯೇಬಿಟ್ಟರು: “ಗಾಡಿ ಓಡ್ಸಾವ್ರಿಗೇ ಜಾಗಾ ಇಲ್ಲೇನ್ರಿ?”

ಕೇಳಿದ್ದರಲ್ಲಿ ತಪ್ಪಿಲ್ಲ. ಡ್ಯೂಟಿ ಮುಗಿದ ಕಂಡಕ್ಟರ್ ಡ್ರೈವರ್ ಪಕ್ಕದ ಬಾನೆಟ್ ಮೇಲೆ ಕೂತು ಊರು ಸೇರುವುದನ್ನು ನೋಡಿ ಬೆಳೆದವರು ನಾವು. ವಿಮಾನದಲ್ಲೂ ಅಂಥ ಬಾನೆಟ್ ಒಂದಿದೆ. ಕಾಕ್‌ಪಿಟ್‌ನಲ್ಲಿ ಇಬ್ಬರು ಪೈಲಟ್‌ಗಳ ಹಿಂದೆ ಮಡಚಿಡುವ ಆ ಸಣ್ಣ ಕುರ್ಚಿಗೆ ಜಂಪ್‌ಸೀಟ್ ಎನ್ನುತ್ತಾರೆ. ಇರುವುದು ತಪಾಸಣೆಗೆ ಬರುವ ಅಧಿಕಾರಿಗೆ, ತರಬೇತಿಯವರಿಗೆ. ಅದು ಖಾಲಿ ಇದ್ದಾಗ ಯಾರು ಕೂರಬೇಕು ಎಂಬುದೇ ತಕರಾರು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಪ್ರಯಾಣಿಕನಂತೆ ಹೋಗುವ ಪೈಲಟ್‌ಗಳೆಲ್ಲ ಒಂದೇ ಅಲ್ಲ. ನಾಳೆ ಬೇರೆ ಊರಿಂದ ವಿಮಾನ ಹಾರಿಸಬೇಕೆಂದು ಕಂಪನಿಯೇ ಕಳಿಸಿದರೆ ಅದು ಪೊಸಿಷನಿಂಗ್. ಅಮೆರಿಕದವರ ಬಾಯಲ್ಲಿ ಡೆಡ್‌ಹೆಡ್. ಅದಕ್ಕೆ ಸೀಟು ಸಿಗಲೇಬೇಕು, ಇಲ್ಲದಿದ್ದರೆ ಅಲ್ಲಿನ ವಿಮಾನ ಹಾರುವುದಿಲ್ಲ. ರಜೆಗೆ ಮನೆಗೆ ಹೊರಟವರ ಕೈಯಲ್ಲಿರುವುದು ‘ಸಬ್‌ಲೋ’ ಟಿಕೆಟ್, ಅಂದರೆ ಸೀಟು ಉಳಿದರೆ ಉಂಟು. ಸೀಟೂ ಉಳಿಯದಿದ್ದರೆ ಕೊನೆಯ ಆಸೆ ಜಂಪ್‌ಸೀಟ್. ನಮ್ಮ ಕೌಂಟರಿನ ಪಕ್ಕ ನಿಂತವರು ಬಹುಶಃ ಎರಡನೆಯ ಪೈಕಿ.

ಅಮೆರಿಕದಲ್ಲಿ ಇದು ಬೆಳೆದದ್ದು ಬೇರೆ ಥರ. 1978ರಲ್ಲಿ ಅಲ್ಲಿ ವಿಮಾನಯಾನದ ಮೇಲಿನ ಸರ್ಕಾರಿ ಹಿಡಿತ ಸಡಿಲವಾಯಿತು, ಕಂಪನಿಗಳು ಹುಟ್ಟಿದವು, ಮುಳುಗಿದವು, ಪೈಲಟ್‌ಗಳ ಡ್ಯೂಟಿ ಶುರುವಾಗುವ ‘ಬೇಸ್‌’ಗಳು ಊರಿಂದೂರಿಗೆ ಜಿಗಿದವು. ಪೈಲಟ್‌ಗಳ ಮನೆ, ಮಕ್ಕಳ ಶಾಲೆ ಮಾತ್ರ ಇದ್ದಲ್ಲೇ ಉಳಿದವು. ಹೀಗೆ ಕೆಲಸಕ್ಕೆ ವಿಮಾನ ಹತ್ತಿ ಹೋಗುವ ಪೈಲಟ್‌ಗಳ ದಂಡೇ ಹುಟ್ಟಿತು. ಒಂದು ಕಂಪನಿಯವರು ಇನ್ನೊಂದರ ಜಂಪ್‌ಸೀಟ್‌ನಲ್ಲಿ ಪುಕ್ಕಟೆ ಹೋಗುವ ಕೊಡುಕೊಳ್ಳುವ ಪದ್ಧತಿ ಗಟ್ಟಿಯಾಯಿತು. ಆದರೆ ಕೊನೆಯ ಮಾತು ಕ್ಯಾಪ್ಟನ್‌ದು. ಅವರು ಒಲ್ಲೆ ಎಂದರೆ ಮುಗಿಯಿತು. 1980ರ ದಶಕದ ಮುಷ್ಕರಗಳಲ್ಲಿ ಸಂಘಟನೆಯ ಮಾತು ಮೀರಿ ವಿಮಾನ ಹಾರಿಸಿದವರಿಗೆ ಎಷ್ಟೋ ಕ್ಯಾಪ್ಟನ್‌ಗಳು ವರ್ಷಗಟ್ಟಲೆ ಆ ಕುರ್ಚಿ ಕೊಡಲಿಲ್ಲ. ಊರವರು ಬಹಿಷ್ಕಾರ ಹಾಕಿದ ಹಾಗೆ.

ಆಮೇಲೆ ಭಯ ಬಂತು. 1994ರಲ್ಲಿ ಮೆಂಫಿಸ್‌ನಿಂದ ಹೊರಟ ಫೆಡೆಕ್ಸ್ ಸರಕು ವಿಮಾನದಲ್ಲಿ ಹೀಗೆಯೇ ಪುಕ್ಕಟೆ ಹೊರಟಿದ್ದ ಕಂಪನಿಯ ನೌಕರನೊಬ್ಬ ಸುತ್ತಿಗೆ ಹಿಡಿದು ಸಿಬ್ಬಂದಿಯ ತಲೆ ಒಡೆದ. ರಕ್ತ ಸುರಿಯುತ್ತಿದ್ದರೂ ಅವರು ವಿಮಾನ ಇಳಿಸಿದರು. 2001ರ ಸೆಪ್ಟೆಂಬರ್ 11ರ ನಂತರ ಬೇರೆ ಕಂಪನಿಯವರಿಗೆ ಕಾಕ್‌ಪಿಟ್ ಬಾಗಿಲೇ ಮುಚ್ಚಿತು. ಗುರುತು ಮತ್ತು ನೌಕರಿಯನ್ನು ಕಂಪ್ಯೂಟರಿನಲ್ಲಿ ತಾಳೆ ನೋಡುವ ವ್ಯವಸ್ಥೆ ಬಂದ ಮೇಲಷ್ಟೇ ಅದು ಮತ್ತೆ ತೆರೆಯಿತು. 60ಕ್ಕಿಂತ ಹೆಚ್ಚು ಸೀಟುಗಳ ವಿಮಾನಗಳಿಗೆ ಗಟ್ಟಿ ಬಾಗಿಲು 2003ರ ನವೆಂಬರ್‌ನಿಂದ ಅಂತಾರಾಷ್ಟ್ರೀಯ ನಿಯಮವಾಯಿತು.

ಆ ಕುರ್ಚಿಯ ಎರಡೂ ಮುಖಗಳನ್ನು ಮುಂದಿನ ವರ್ಷಗಳು ತೋರಿಸಿದವು. 2018ರ ಅಕ್ಟೋಬರ್ 28ರಂದು ಬಾಲಿಯಿಂದ ಜಕಾರ್ತಾಗೆ ಹೊರಟ ಲಯನ್ ಏರ್‌ನ 737 ಮ್ಯಾಕ್ಸ್ ಮೂಗು ತಗ್ಗಿಸತೊಡಗಿದಾಗ ಕಾಕ್‌ಪಿಟ್‌ನಲ್ಲಿ ಮೂರನೆಯ ಪೈಲಟ್ ಒಬ್ಬರಿದ್ದರು. ಮೂಗು ತಗ್ಗಿಸುತ್ತಿದ್ದ ಟ್ರಿಮ್ ವ್ಯವಸ್ಥೆಯ ಸ್ವಿಚ್ ಆರಿಸಿದ ಮೇಲೆ ವಿಮಾನ ಸುರಕ್ಷಿತವಾಗಿ ಇಳಿಯಿತು. ಮರುದಿನ ಅದೇ ವಿಮಾನ ಸಮುದ್ರಕ್ಕೆ ಬಿದ್ದು 189 ಜನ ಸತ್ತರು. ಐದು ವರ್ಷದ ನಂತರ, 2023ರ ಅಕ್ಟೋಬರ್ 22ರಂದು, ಅಮೆರಿಕದಲ್ಲಿ ಜಂಪ್‌ಸೀಟ್‌ನಲ್ಲಿದ್ದ ಪೈಲಟ್‌ನೇ ಎಂಜಿನ್ ಆರಿಸುವ ಹಿಡಿಕೆಗಳಿಗೆ ಕೈ ಹಾಕಿದ. ಸಿಬ್ಬಂದಿ ತಡೆದರು, ಯಾರಿಗೂ ಏನೂ ಆಗಲಿಲ್ಲ. ಅದು ಎಂಬ್ರೇಯರ್ 175, ನಮ್ಮ ಸ್ಟಾರ್ ಏರ್ ಬಳಸುವ ಜಾತಿಯದೇ ವಿಮಾನ.

ಇನ್ನು ಬೆಳಗಾವಿಗೆ ಬರೋಣ. 1942ರಲ್ಲಿ ಬ್ರಿಟಿಷ್ ವಾಯುಪಡೆ ಮಾಡಿದ ಈ ನಿಲ್ದಾಣಕ್ಕೆ 2017ರಲ್ಲಿ ಹೊಸ ಟರ್ಮಿನಲ್ ಬಂತು. ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಗೆ ಹುಬ್ಬಳ್ಳಿ ಮೊದಲೇ ಸೇರಿತು, ನಾವು ಮೂರನೇ ಸುತ್ತಿನವರೆಗೆ ಬಾಯಿ ಬಿಟ್ಟುಕೊಂಡು ಕಾದೆವು. (ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.) 2019ರಿಂದ ಆ ಯೋಜನೆಯ ವಿಮಾನಗಳು ಬಂದವು, ಉಡಾನ್ ನೆರವಿನ ಮೂರು ವರ್ಷದ ಅವಧಿ ಮುಗಿದಂತೆ ಕೆಲವು ಮಾರ್ಗ ನಿಂತವು. ದಿನಕ್ಕೆ ಕೆಲವೇ ವಿಮಾನ ಇರುವ ಊರಿಗೆ ಎರಡು ರದ್ದಾದರೆ ಸಬ್‌ಲೋದವರ ಕಥೆ ಮುಗಿದಂತೆಯೇ.

ಇಲ್ಲಿ ಬರುವವು ಹೆಚ್ಚಾಗಿ ಸಣ್ಣ ವಿಮಾನಗಳು. ಎಂಬ್ರೇಯರ್ 145ರಲ್ಲಿ 50 ಸೀಟು, ಇಂಡಿಗೋದ ಎಟಿಆರ್‌ನಲ್ಲಿ 78. ಸಣ್ಣ ವಿಮಾನದಲ್ಲಿ ಸೀಟಿಗಿಂತ ಮೊದಲು ತೂಕ ಮುಗಿಯಬಹುದು. ಸಾಂಬ್ರಾ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ರನ್‌ವೇ 2,300 ಮೀಟರ್. ಏಪ್ರಿಲ್ ಮಧ್ಯಾಹ್ನ ಕಾದ ಗಾಳಿ ತೆಳುವಾಗುತ್ತದೆ. ರೆಕ್ಕೆಗೂ ಎಂಜಿನ್‌ಗೂ ಬಲ ಕಡಿಮೆ. ಆಷಾಢದ ಕಥೆ ಬೇರೆ. ಮೋಡ ನೆಲಕ್ಕೆ ಇಳಿದು ಇಲ್ಲಿ ಇಳಿಯಲಾಗದೆ ಬೇರೆ ಊರಿಗೆ ತಿರುಗಬೇಕಾದೀತೆಂದು ಇಲ್ಲಿಗೆ ಬರುವ ವಿಮಾನ ಹೆಚ್ಚು ಇಂಧನ ತುಂಬಿಕೊಂಡೇ ಹೊರಡುತ್ತದೆ. ಆ ಇಂಧನದ ತೂಕವನ್ನು ಎಲ್ಲೋ ಕಳೆಯಬೇಕು. ಆಗ ಆಚೆ ತುದಿಯ ಕೌಂಟರಿನವರು ಕೆಲವು ಸೀಟು ಬಿಟ್ಟುಬಿಡುತ್ತಾರೆ, ಸರದಿಯ ಕೊನೆಯಲ್ಲಿದ್ದವರು ಮೊದಲು ಉಳಿಯುತ್ತಾರೆ. ಒಳಗೆ ಕೂತವರಿಗೆ ಪಕ್ಕದ ಸೀಟು ಖಾಲಿ ಕಾಣುತ್ತದೆ. ವಿಮಾನದ ತೂಕದ ಲೆಕ್ಕವಿರುವ ಲೋಡ್ ಶೀಟ್ ನೋಡಿದವರಿಗೆ ಅದು ತುಂಬಿದ ಸೀಟು. “ಖಾಲಿ ಅದಲ್ರಿ” ಎಂಬ ಜಗಳದಲ್ಲಿ ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ.

ಪೊಸಿಷನಿಂಗ್ ಸಿಬ್ಬಂದಿಗೆ ಸೀಟು ಬಿಡಿಸುವುದು ಎಷ್ಟು ದೂರ ಹೋಗಬಹುದು ಎಂಬುದನ್ನು 2017ರ ಏಪ್ರಿಲ್‌ನಲ್ಲಿ ಚಿಕಾಗೋ ತೋರಿಸಿತು. ಲೂಯಿವಿಲ್‌ಗೆ ನಾಲ್ವರು ಸಿಬ್ಬಂದಿ ಹೋಗಬೇಕೆಂದು ಆಗಲೇ ಕೂತಿದ್ದ ಪ್ರಯಾಣಿಕರನ್ನು ಇಳಿಸಲು ಹೊರಟು, ಒಪ್ಪದ ಒಬ್ಬ ವೈದ್ಯರನ್ನು ನೆಲದ ಮೇಲೆ ಎಳೆದೊಯ್ದರು. ಟಿಕೆಟ್ ಹೆಚ್ಚು ಮಾರಿದ್ದರೆಂದೇ ಜನ ಇಂದಿಗೂ ನಂಬಿದ್ದಾರೆ. ನಿಜದಲ್ಲಿ ಸಿಬ್ಬಂದಿಯ ವಿಷಯ ತಡವಾಗಿ ತಿಳಿದದ್ದೇ ಮೂಲ. ಹೊರಡುವ 60 ನಿಮಿಷ ಮೊದಲೇ ಸಿಬ್ಬಂದಿಯ ಸೀಟು ಕಾಯ್ದಿರಿಸಬೇಕೆಂದು ಆ ವಿಮಾನದ ಕಂಪನಿ ಯುನೈಟೆಡ್ ಆಮೇಲೆ ನಿಯಮ ಮಾಡಿಕೊಂಡಿತು.

ನಮ್ಮಲ್ಲಿ ಬಾಗಿಲು ಇನ್ನೂ ಬಿಗಿ. ಕಂಪನಿ-ಕಂಪನಿಗಳ ನಡುವಿನ ಜಂಪ್‌ಸೀಟ್ ಪದ್ಧತಿ ಅಮೆರಿಕದಂತೆ ಇಲ್ಲಿ ಬೇರುಬಿಡಲಿಲ್ಲ. 2023ರ ಫೆಬ್ರವರಿಯಲ್ಲಿ ದುಬೈ–ದೆಹಲಿ ವಿಮಾನದ ಕಾಕ್‌ಪಿಟ್‌ಗೆ ಪೈಲಟ್ ತಮ್ಮ ಪರಿಚಿತರನ್ನು ಕರೆದದ್ದಕ್ಕೆ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಏರ್ ಇಂಡಿಯಾಗೆ 30 ಲಕ್ಷ ರೂಪಾಯಿ ದಂಡ ಹಾಕಿತು, ಪೈಲಟ್ ಲೈಸೆನ್ಸ್ ಮೂರು ತಿಂಗಳು ಅಮಾನತಾಯಿತು. ಆ ದಂಡದ ಸುದ್ದಿ ಓದಿದ ಯಾವ ಕಮಾಂಡರ್ ತಾನೇ ಆ ಕುರ್ಚಿಯ ವಿಷಯದಲ್ಲಿ ಧಾರಾಳ ತೋರಿಯಾರು?

ಈಗ ಮಾತು ವಿಶ್ರಾಂತಿಯತ್ತ ತಿರುಗಿದೆ. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸುವ ನಿಯಮವನ್ನು ಡಿಜಿಸಿಎ 2024ರ ಜನವರಿಯಲ್ಲಿ ಪ್ರಕಟಿಸಿತು. 2025ರ ಡಿಸೆಂಬರ್‌ನಲ್ಲಿ ಇಂಡಿಗೋದ ಸಾವಿರಾರು ವಿಮಾನ ರದ್ದಾದಾಗ ರೋಸ್ಟರ್ (ಸಿಬ್ಬಂದಿಯ ಡ್ಯೂಟಿ ಪಟ್ಟಿ) ಎಂಬ ಪದ ಟೀ ಅಂಗಡಿಗೂ ಬಂತು. ಕಂಪನಿ ಕಳಿಸಿದ ಪ್ರಯಾಣವನ್ನು ನಿಯಮ ಡ್ಯೂಟಿ ಎಂದೇ ಲೆಕ್ಕ ಹಾಕುತ್ತದೆ. ಬೆಂಗಳೂರಿನ ಬೇಸ್‌ನಿಂದ ಬೆಳಗಾವಿಯ ಟಿಳಕವಾಡಿಯ ಮನೆಗೆ ತಾನಾಗಿ ಹೊರಟವರ ಪ್ರಯಾಣ ಆ ಲೆಕ್ಕಕ್ಕೆ ಬರುವುದಿಲ್ಲ. ಸಬ್‌ಲೋ ಹಿಡಿದು ಕೌಂಟರಿನ ಪಕ್ಕ ನಿಂತ ಮೂರು ಗಂಟೆ, ಸೀಟು ಸಿಗದೆ ರಾತ್ರಿ ಬಸ್ಸಿನಲ್ಲಿ ಕಳೆದ ಹತ್ತು ಗಂಟೆ, ಎಲ್ಲವೂ ಕಾಗದದ ಮೇಲೆ ವಿಶ್ರಾಂತಿ.

ಅಂದು ನಮ್ಮ ವಿಮಾನ ಹತ್ತುವಾಗ ಅಜ್ಜ ಮತ್ತೆ ತಿರುಗಿ ನೋಡಿದರು. ಬಿಳಿ ಅಂಗಿಯವರು ಹೊರಗಿನ ಟ್ಯಾಕ್ಸಿ ಸಾಲಿನತ್ತ ಹೆಜ್ಜೆ ಹಾಕುತ್ತಿದ್ದರು, ಫೋನಿನಲ್ಲಿ ಬಸ್ಸಿನ ವೇಳೆ ಕೇಳುತ್ತ.