ಬಳಸಿದ ಅಕ್ವೇರಿಯಂ ಕೊಳ್ಳಬಹುದೇ?

ಪ್ರಶ್ನೆ: ನಮ್ಮ ಮನೆ ಕಲಬುರಗಿಯಲ್ಲಿದೆ. ಪರಿಚಯದವರೊಬ್ಬರು ವರ್ಗಾವಣೆಯಾಗಿ ಬೇರೆ ಊರಿಗೆ ಹೊರಟಿದ್ದಾರೆ. ತಮ್ಮ ಮೂರು ಅಡಿ ಉದ್ದದ ಅಕ್ವೇರಿಯಂ ಅನ್ನು ಸ್ಟ್ಯಾಂಡು, ಫಿಲ್ಟರು, ಮೀನುಗಳ ಸಮೇತ ಹೊಸದರ ಅರ್ಧ ಬೆಲೆಗೆ ಕೊಡುವುದಾಗಿ ಹೇಳುತ್ತಿದ್ದಾರೆ. ಕೊಳ್ಳಬಹುದೇ? ಏನೇನು ನೋಡಬೇಕು?

ಉತ್ತರ: ಕೊಳ್ಳಬಹುದು, ಆದರೆ ನೀರು ತುಂಬಿರುವಾಗಲೇ ಅದನ್ನು ಕಣ್ಣಾರೆ ನೋಡಿ ಕೊಳ್ಳಬೇಕು. ತೊಟ್ಟಿಯಲ್ಲಿ ಈಗಲೂ ಮೀನುಗಳಿವೆ ಎಂದರೆ ಅದು ನಡೆಯುತ್ತಿರುವ ತೊಟ್ಟಿ ಎಂದಾಯಿತು. ಇದು ನಿಮಗೆ ದೊಡ್ಡ ಅನುಕೂಲ. ಮಾರುವವರು ಸಾಮಾನ್ಯವಾಗಿ ನೀರು ಖಾಲಿ ಮಾಡಿ, ಗಾಜನ್ನು ತೊಳೆದು ಒರೆಸಿ, ಹೊಸದರಂತೆ ಕಾಣುವ ಹಾಗೆ ಮಾಡಿದ ಮೇಲೆ ತೋರಿಸಲು ಬಯಸುತ್ತಾರೆ. ಅದರಲ್ಲಿ ಕೆಟ್ಟ ಉದ್ದೇಶವೇನೂ ಇರುವುದಿಲ್ಲ, ಮನೆಗೆ ಬರುವವರ ಮುಂದೆ ವಸ್ತು ಚೆನ್ನಾಗಿ ಕಾಣಲಿ ಎಂಬ ಸಹಜ ಆಸೆಯಷ್ಟೇ. ಆದರೆ ಹಾಗೆ ತೊಳೆದಾಗ ನಿಮಗೆ ಬೇಕಾದ ಮಾಹಿತಿಯೂ ತೊಳೆದುಹೋಗುತ್ತದೆ. ಆದ್ದರಿಂದ ಖಾಲಿ ಮಾಡುವ ಮೊದಲೇ ಒಮ್ಮೆ ಹೋಗಿ ನೋಡಿ ಬನ್ನಿ.

ಬಳಸಿದ ತೊಟ್ಟಿಯಲ್ಲಿ ಗಾಜಿಗೆ ವಯಸ್ಸಾಗುವುದಿಲ್ಲ. ವಯಸ್ಸಾಗುವುದು ಗಾಜುಗಳನ್ನು ಹಿಡಿದಿಟ್ಟಿರುವ ಸಿಲಿಕೋನ್ ಬೆಸುಗೆಗೆ. ಆ ಬೆಸುಗೆಯ ಮೇಲೆ ಬೀಳುವ ಒತ್ತಡವನ್ನು ಒಮ್ಮೆ ಲೆಕ್ಕ ಹಾಕಿದರೆ ಅದರ ಮಹತ್ವ ತಿಳಿಯುತ್ತದೆ. ಮೂರು ಅಡಿ ತೊಟ್ಟಿ ಎಂದರೆ ಸುಮಾರು 90 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರ ಎಂದಿಟ್ಟುಕೊಳ್ಳಿ. ಮೂರನ್ನೂ ಗುಣಿಸಿ 1000ದಿಂದ ಭಾಗಿಸಿದರೆ ಸುಮಾರು 121 ಲೀಟರ್ ಬರುತ್ತದೆ, ಅಂದರೆ ನೀರಿನ ತೂಕವೇ 121 ಕಿಲೋ. ಅಂಚಿನವರೆಗೆ ತುಂಬಿದಾಗ ಆ ನೀರು ಮುಂದಿನ ಗಾಜೊಂದನ್ನೇ ಸುಮಾರು 90 ಕಿಲೋ ತೂಕದಷ್ಟು ಬಲದಿಂದ ಹೊರಕ್ಕೆ ತಳ್ಳುತ್ತಿರುತ್ತದೆ. ಅದೇ ಉದ್ದದ ತೊಟ್ಟಿಯ ಎತ್ತರ 60 ಸೆಂ.ಮೀ. ಆದರೆ ಈ ಬಲ 160 ಕಿಲೋ ದಾಟುತ್ತದೆ, ಏಕೆಂದರೆ ನೀರಿನ ಒತ್ತಡ ನಿರ್ಧಾರವಾಗುವುದು ತೊಟ್ಟಿಯ ಉದ್ದಗಲದಿಂದಲ್ಲ, ನೀರಿನ ಎತ್ತರದಿಂದ. ಎತ್ತರದ ತೊಟ್ಟಿಗೆ ದಪ್ಪ ಗಾಜು ಬೇಕೆನ್ನುವುದು ಇದೇ ಕಾರಣಕ್ಕೆ. ಮೇಲಂಚಿನಲ್ಲಿ ಅಳತೆಪಟ್ಟಿ ಹಿಡಿದು ಗಾಜಿನ ದಪ್ಪವನ್ನು ನೀವೇ ಅಳೆಯಿರಿ. 45 ಸೆಂ.ಮೀ. ಎತ್ತರಕ್ಕೆ 8 ಮಿ.ಮೀ. ಇದ್ದರೆ ನೆಮ್ಮದಿಯಿಂದಿರಬಹುದು. 6 ಮಿ.ಮೀ. ಇದ್ದರೆ ಮೇಲಂಚಿನ ಉದ್ದಕ್ಕೂ ಅಥವಾ ನಡುವೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿರಲೇಬೇಕು. ಅದಕ್ಕಿಂತ ತೆಳುವಾಗಿದ್ದರೆ ಎಷ್ಟೇ ಅಗ್ಗವಾಗಿ ಸಿಕ್ಕರೂ ನಾನು ಬೇಡವೆನ್ನುತ್ತೇನೆ.

ಬೆಸುಗೆಯಲ್ಲಿ ಎರಡು ಭಾಗಗಳಿರುತ್ತವೆ. ಒಂದು, ಗಾಜಿಗೂ ಗಾಜಿಗೂ ನಡುವೆ ತೆಳುವಾಗಿ ಹಬ್ಬಿರುವ ಪದರ. ತೊಟ್ಟಿಯನ್ನು ನಿಜವಾಗಿ ಹಿಡಿದಿರುವುದು ಇದೇ. ಇನ್ನೊಂದು, ಒಳಮೂಲೆಗಳಲ್ಲಿ ಕಾಣುವ ಉಬ್ಬಿದ ಗೆರೆ. ಇದು ನೀರು ಮೊದಲ ಪದರವನ್ನು ತಲುಪದಂತೆ ಕಾಯುತ್ತದೆ. ಒಳಗೆರೆಯ ಅಂಚು ಅಲ್ಲಲ್ಲಿ ಎದ್ದಿದ್ದರೆ, ಉಗುರಿನಿಂದ ಮೆಲ್ಲಗೆ ಕೆದಕಿದಾಗ ಸುಲಿದು ಬಂದರೆ, ಅಥವಾ ಹಸಿರು ಪಾಚಿ ಅದರ ಅಡಿಯೊಳಗೆ ಹರಡಿದ್ದರೆ ಬೆಸುಗೆ ಸೋಲತೊಡಗಿದೆ ಎಂದು ತಿಳಿಯಬೇಕು. ಬಳಿಕ ಹೊರಗಿನಿಂದ ಮೊಬೈಲಿನ ಬೆಳಕು ಬಿಟ್ಟು ಗಾಜುಗಳ ನಡುವಿನ ಪದರವನ್ನು ನೋಡಿರಿ. ಸಣ್ಣದೊಂದು ಗುಳ್ಳೆ ಎಲ್ಲಾದರೂ ಒಂಟಿಯಾಗಿದ್ದರೆ ಅಂಜಬೇಕಿಲ್ಲ. ಗುಳ್ಳೆಗಳು ಒಂದಕ್ಕೊಂದು ಸೇರಿ ಒಳಗಿನಿಂದ ಹೊರಗಿನವರೆಗೆ ದಾರಿಯಂತೆ ಕಂಡರೆ ಅಂಥ ತೊಟ್ಟಿಯನ್ನು ಬಿಡುವುದೇ ಲೇಸು.

ಈ ಪರೀಕ್ಷೆಯಲ್ಲಿ ನಮ್ಮ ಭಾಗದ ನೀರೇ ನಿಮಗೆ ಸಹಾಯ ಮಾಡುತ್ತದೆ. ಶಹಾಬಾದ, ವಾಡಿ, ಸೇಡಂ, ಚಿತ್ತಾಪುರದ ಕಡೆಯ ನೆಲವೆಲ್ಲ ಸುಣ್ಣಕಲ್ಲಿನದು. ಸಿಮೆಂಟ್ ಕಾರ್ಖಾನೆಗಳು ಅಲ್ಲಿ ನೆಲೆಯೂರಿದ್ದೂ ಅದಕ್ಕಾಗಿಯೇ. ಅಂಥ ನೆಲದ ಬೋರ್‌ವೆಲ್ ನೀರು ಗಡಸಾಗಿರುತ್ತದೆ, ಆರಿದಲ್ಲೆಲ್ಲ ಬಿಳಿಯ ಕಲೆ ಬಿಡುತ್ತದೆ. ತೊಟ್ಟಿಯ ಒಳಗೆ, ನೀರಿನ ಮಟ್ಟದಲ್ಲಿ ಬಿಳಿಗೆರೆ ಇದ್ದರೆ ಅದು ಸಹಜ; ವಿನೆಗರ್ ಅಥವಾ ಸಿಟ್ರಿಕ್ ಆಮ್ಲದ ನೀರಿನಲ್ಲಿ ಬಟ್ಟೆ ನೆನೆಸಿ ಕೆಲಹೊತ್ತು ಅಂಟಿಸಿಟ್ಟರೆ ಬಹುಮಟ್ಟಿಗೆ ಹೋಗುತ್ತದೆ. ಆದರೆ ಹೊರಮೈಯಲ್ಲಿ, ಅದರಲ್ಲೂ ಕೆಳಗಿನ ಮೂಲೆಗಳಲ್ಲಿ ಮತ್ತು ಸ್ಟ್ಯಾಂಡಿನ ಹಲಗೆಯ ಮೇಲೆ ಬಿಳಿಯ ಹುಡಿ ಅಥವಾ ಇಳಿದ ಗೆರೆ ಕಂಡರೆ ಅಲ್ಲಿ ತೀರ ನಿಧಾನವಾಗಿ ನೀರು ಜಿನುಗುತ್ತಿದೆ ಎಂದೇ ಅರ್ಥ. ಮಾರುವವರ ಗಮನಕ್ಕೆ ಇದು ಬಂದಿರಲಿಕ್ಕೂ ಇಲ್ಲ, ಏಕೆಂದರೆ ನಮ್ಮ ಒಣಹವೆಯಲ್ಲಿ ಜಿನುಗಿದ ಹನಿ ನೆಲಕ್ಕೆ ಇಳಿಯುವ ಮೊದಲೇ ಆರಿಹೋಗುತ್ತದೆ. ತೊಳೆಯುವ ಮೊದಲೇ ನೋಡಿ ಎಂದು ನಾನು ಒತ್ತಿ ಹೇಳಿದ್ದು ಮುಖ್ಯವಾಗಿ ಈ ಗೆರೆಗಾಗಿ.

ತೊಟ್ಟಿ ಈಗಾಗಲೇ ಖಾಲಿಯಾಗಿ ಮಾಳಿಗೆಯ ಮೇಲೋ ಅಂಗಳದಲ್ಲೋ ಒಣಗಿ ನಿಂತಿದ್ದರೆ ಮಾತು ಬೇರೆ. ಆಗ ಹಣ ಕೊಡುವ ಮೊದಲು ನೀರು ತುಂಬಿ ಪರೀಕ್ಷಿಸಲು ಒಪ್ಪಿಗೆ ಕೇಳಿರಿ. ಸಮತಟ್ಟಾದ ನೆಲದ ಮೇಲೆ ಥರ್ಮಾಕೋಲ್ ಹಾಳೆ ಹಾಸಿ, ಅದರ ಮೇಲೆ ತೊಟ್ಟಿಯಿಟ್ಟು, ಸುತ್ತಲೂ ಒಣ ಪತ್ರಿಕೆ ಹಾಸಬೇಕು. ಮೊದಲು ಮೂರನೇ ಒಂದು ಭಾಗ ನೀರು ತುಂಬಿ ಕೆಲವು ತಾಸು ಕಾದು, ಬಳಿಕ ಮೂರನೇ ಎರಡು ಭಾಗ, ಕೊನೆಗೆ ಪೂರ್ತಿ ತುಂಬಿ ಕನಿಷ್ಠ ಎರಡು ದಿನ ಬಿಡಬೇಕು. ಮಾರುವವರು ಇದಕ್ಕೆ ಒಪ್ಪದಿದ್ದರೆ, ಬೆಸುಗೆಯನ್ನು ಪೂರ್ತಿ ಬಿಚ್ಚಿ ಹೊಸದಾಗಿ ಮಾಡಿಸುವ ಖರ್ಚನ್ನು ಬೆಲೆಯಿಂದ ಕಳೆದು ಮಾತಾಡಿರಿ. ಪೂರ್ತಿ ಬಿಚ್ಚಿ ಎಂದು ಹೇಳುವುದಕ್ಕೆ ಕಾರಣವಿದೆ: ಗಟ್ಟಿಯಾದ ಹಳೆಯ ಸಿಲಿಕೋನಿಗೆ ಹೊಸ ಸಿಲಿಕೋನ್ ಹಿಡಿದುಕೊಳ್ಳುವುದಿಲ್ಲ. ಸೋರುವ ಜಾಗದ ಮೇಲೆ ಹೊಸದನ್ನು ಬಳಿದು ತೇಪೆ ಹಾಕಿದ ತೊಟ್ಟಿ ಸ್ವಲ್ಪ ಕಾಲ ನಿಂತಂತೆ ಕಂಡರೂ ಮತ್ತೆ ಸೋರುವ ಸಂಭವವೇ ಹೆಚ್ಚು. ಆದ್ದರಿಂದ ಒಳಗೆರೆಯ ಮೇಲೆ ಬಣ್ಣ ಬೇರೆಯಾದ ಎರಡನೇ ಬಳಿತ ಕಂಡಲ್ಲಿ, ಯಾವಾಗ, ಏಕೆ ಹಾಕಿಸಿದಿರಿ ಎಂದು ನೇರವಾಗಿ ಕೇಳಿಬಿಡಬೇಕು. ಹೊಸದಾಗಿ ಮಾಡಿಸುವುದಾದರೆ ಬೂಷ್ಟು ತಡೆಯುವ ಔಷಧ ಬೆರೆಸದ, ಅಕ್ವೇರಿಯಂಗೆಂದೇ ಬರುವ ಸಿಲಿಕೋನನ್ನು ಬಳಸಬೇಕು. ನೀರು ತುಂಬುವ ಮೊದಲು ಒಂದು ವಾರ ಆರಲು ಬಿಡುವುದು ಒಳ್ಳೆಯದು.

ಗಾಜಿನ ವಿಷಯ ಸರಳ. ಬಿರುಕು ಎಲ್ಲಿದ್ದರೂ, ಎಷ್ಟೇ ಚಿಕ್ಕದಿದ್ದರೂ ಬೇಡ. ಮೇಲಂಚಿನಲ್ಲಿ ಸಣ್ಣ ಚೂರು ಹಾರಿದ್ದರೆ ನಡೆಯುತ್ತದೆ. ಗೀರುಗಳು ನೀರು ತುಂಬಿದ ಮೇಲೂ ಎದ್ದು ಕಾಣುವಂತಿದ್ದರೆ ಅವನ್ನು ತೆಗೆಯಲು ಹೋಗಬೇಡಿ, ಬೆಲೆ ಇಳಿಸಲು ಕೇಳಿ.

ಸ್ಟ್ಯಾಂಡಿನ ವಿಷಯದಲ್ಲಿ ಜನ ತೋರುವ ಉದಾಸೀನ ನನಗೆ ಕಳವಳ ತರುತ್ತದೆ. ನೀರು, ಗಾಜು, ಅಡಿಯ ಹರಳುಕಲ್ಲು ಎಲ್ಲ ಸೇರಿ ಮೂರು ಅಡಿ ತೊಟ್ಟಿ 150 ಕಿಲೋ ದಾಟುತ್ತದೆ. ಪ್ಲೈವುಡ್ ಸ್ಟ್ಯಾಂಡಾದರೆ ನೀರು ಕುಡಿದು ಅಂಚುಗಳು ಉಬ್ಬಿವೆಯೇ ಎಂದು ನೋಡಿರಿ. ಕಬ್ಬಿಣದ್ದಾದರೆ ಬೆಸುಗೆ ಹಾಕಿದ ಕೀಲುಗಳಲ್ಲಿ ತುಕ್ಕು ತಿಂದಿದೆಯೇ ಎಂದು ತಟ್ಟಿ ನೋಡಿರಿ. ಇಷ್ಟಕ್ಕೇ ಮುಗಿಯುವುದಿಲ್ಲ. ನಮ್ಮ ಹಳೆಯ ಮನೆಗಳ ಪಡಸಾಲೆಯಲ್ಲಿ ಹಾಸಿರುವುದು ಶಹಾಬಾದಿ ಫರಸಿ, ಮತ್ತು ಆ ಕಲ್ಲುಗಳು ವರ್ಷಗಳಲ್ಲಿ ಒಂದು ಏರಿ ಒಂದು ಇಳಿದು ನಿಂತಿರುತ್ತವೆ. ಸ್ಟ್ಯಾಂಡಿನ ಮೂರು ಕಾಲು ಒಂದು ಫರಸಿಯ ಮೇಲೆ, ನಾಲ್ಕನೆಯದು ಸ್ವಲ್ಪ ತಗ್ಗಿದ ಪಕ್ಕದ ಫರಸಿಯ ಮೇಲೆ ಬಂದರೆ ಇಡೀ ಚೌಕಟ್ಟು ತಿರುಚಿಕೊಂಡು, ಆ ತಿರುಚು ನೇರವಾಗಿ ತಳದ ಗಾಜಿಗೆ ಹೋಗುತ್ತದೆ. ಅವರ ಮನೆಯ ಟೈಲ್ಸ್ ನೆಲದ ಮೇಲೆ ವರ್ಷಗಟ್ಟಲೆ ಚೆನ್ನಾಗಿದ್ದ ತೊಟ್ಟಿ ನಿಮ್ಮ ಮನೆಗೆ ಬಂದ ವಾರದಲ್ಲೇ ಸೀಳಲು ಇಷ್ಟು ಸಾಕು. ಗಾರೆ ಕೆಲಸದವರ ಬಳಿ ಇರುವ ಮಟ್ಟಗೋಲಿನಿಂದ ಸ್ಟ್ಯಾಂಡಿನ ಮೇಲ್ಮೈಯನ್ನು ಉದ್ದಕ್ಕೂ ಅಡ್ಡಕ್ಕೂ ನೋಡಿ, ಕಾಲಿನಡಿ ಗಟ್ಟಿಯಾದ ತಗಡಿನ ಚೂರು ಕೊಟ್ಟು ಸರಿಪಡಿಸಿದ ಮೇಲೆಯೇ ತೊಟ್ಟಿ ಏರಿಸಬೇಕು. ಮರದ ತೊಲೆಗಳ ಮೇಲ್ಮಾಳಿಗೆಯಲ್ಲಂತೂ ಇಡಲೇಬಾರದು.

ಜೊತೆಗೆ ಬರುವ ವಿದ್ಯುತ್ ಸಾಮಾನುಗಳಿಗೆ ಹೆಚ್ಚು ಬೆಲೆ ಕಟ್ಟಬೇಡಿ. ಹೀಟರ್ ಹಳೆಯದಾದರೆ ಅದರೊಳಗಿನ ಉಷ್ಣನಿಯಂತ್ರಕ ಸಿಕ್ಕಿಕೊಂಡು ನೀರನ್ನು ಮಿತಿಮೀರಿ ಕಾಯಿಸಬಹುದು, ಗಾಜು ಬಿರಿದಿದ್ದರೆ ನೀರಿಗೆ ವಿದ್ಯುತ್ ಹರಿಯಬಹುದು. ಅದನ್ನು ಹೊಸದಾಗಿಯೇ ಕೊಳ್ಳಬೇಕು, ಅದೂ ನಿಮ್ಮ ಮೀನಿಗೆ ಚಳಿಗಾಲದಲ್ಲಿ ಬೇಕಿದ್ದರೆ ಮಾತ್ರ. ಏರ್ ಪಂಪಿನ ಒಳಗಿನ ರಬ್ಬರು ಸವೆಯುವಂಥದ್ದು. ಎಲ್ಲ ವೈರುಗಳೂ ಪ್ಲಗ್ಗಿಗಿಂತ ಕೆಳಕ್ಕೆ ಒಮ್ಮೆ ಜೋತು ಬಿದ್ದು ಮೇಲೇರಬೇಕು. ಹಾಗಾದರೆ ವೈರಿನಗುಂಟ ಇಳಿದ ನೀರು ಪ್ಲಗ್ಗಿಗೆ ಹೋಗದೆ ನೆಲಕ್ಕೆ ತೊಟ್ಟಿಕ್ಕುತ್ತದೆ.

ಫಿಲ್ಟರ್ ಮಾತ್ರ ಹಾಗಲ್ಲ. ಅದರೊಳಗಿನ ಕೊಳೆಯಾದ ಸ್ಪಂಜೇ ಈ ವ್ಯವಹಾರದಲ್ಲಿ ನಿಮಗೆ ಸಿಗುವ ಬೆಲೆಬಾಳುವ ವಸ್ತು ಎಂದರೆ ನೀವು ನಂಬಲಿಕ್ಕಿಲ್ಲ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾ ಮೀನಿಗೇ ವಿಷ. ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ಆ ಸ್ಪಂಜಿನಲ್ಲಿ ನೆಲೆಸಿರುತ್ತವೆ. ಹೊಸ ತೊಟ್ಟಿಯಲ್ಲಿ ಇವು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು, ಹೊಸಬರ ಮೀನುಗಳು ಸಾಯುವುದು ಹೆಚ್ಚಾಗಿ ಈ ಅವಧಿಯಲ್ಲೇ. ನಡೆಯುತ್ತಿರುವ ತೊಟ್ಟಿಯ ಸ್ಪಂಜನ್ನು ನಳದ ನೀರಿನಲ್ಲಿ ತೊಳೆಯದೆ, ಅದೇ ತೊಟ್ಟಿಯ ನೀರಿರುವ ಬಕೆಟ್ಟಿನಲ್ಲಿ ಮುಳುಗಿಸಿ ತಂದು, ಕೆಲವೇ ತಾಸುಗಳಲ್ಲಿ ಮತ್ತೆ ಚಾಲೂ ಮಾಡಿದರೆ ಆ ಕಾಯುವಿಕೆ ಬಹುಪಾಲು ತಪ್ಪುತ್ತದೆ.

ಆದರೆ ಇದೆಲ್ಲ ತೊಟ್ಟಿಯಲ್ಲಿ ರೋಗವಿಲ್ಲದಿದ್ದರೆ ಮಾತ್ರ. ಮೀನುಗಳು ಸೊರಗಿದ್ದರೆ, ಬೆನ್ನು ಬಾಗಿದ್ದರೆ, ಮೈಮೇಲೆ ಹುಣ್ಣುಗಳಿದ್ದರೆ, ಒಂದೊಂದಾಗಿ ಸಾಯುತ್ತ ಬಂದಿದ್ದರೆ ಅದು ಮೀನಿನ ಕ್ಷಯವಾಗಿರಬಹುದು. ಇದರ ಬ್ಯಾಕ್ಟೀರಿಯಾ ಕೈಯ ಗಾಯದ ಮೂಲಕ ಮನುಷ್ಯರ ಚರ್ಮಕ್ಕೂ ಹತ್ತುತ್ತದೆ, ವಾಸಿಯಾಗಲು ತಿಂಗಳುಗಳೇ ಹಿಡಿಯುತ್ತವೆ. ಅಂಥ ಅನುಮಾನವಿರುವ ತೊಟ್ಟಿಯನ್ನು ಬಿಟ್ಟುಬಿಡಿ. ಸಾಮಾನ್ಯ ಸ್ವಚ್ಛತೆಗೆ ಒಂದು ಪಾಲು ದ್ರವ ಬ್ಲೀಚಿಗೆ ಇಪ್ಪತ್ತು ಪಾಲು ನೀರು ಬೆರೆಸಿ ಅರ್ಧ ತಾಸು ಬಿಟ್ಟು, ವಾಸನೆ ಹೋಗುವವರೆಗೆ ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿದರೆ ಸಾಕು. ಸಾಬೂನು, ಪಾತ್ರೆ ತೊಳೆಯುವ ದ್ರವ ಬೇಡ. ಬಿಳಿಗೆರೆ ತೆಗೆಯಲು ಬಳಸಿದ ವಿನೆಗರ್ ಅಥವಾ ಆಮ್ಲದ ಜೊತೆ ಬ್ಲೀಚ್ ಸೇರದಂತೆ ಎಚ್ಚರವಹಿಸಿ. ಎರಡೂ ಕೂಡಿದರೆ ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ.

ಈಗ ಮೀನುಗಳ ಮಾತು. ತೊಟ್ಟಿಯ ಜೊತೆ ಉಚಿತವಾಗಿ ಬರುವ ಮೀನುಗಳೆಂದರೆ ನೀವು ಆರಿಸದ, ಆದರೆ ನೀವೇ ಸಾಕಬೇಕಾದ ಜೀವಗಳು. ತೊಟ್ಟಿ ಸ್ವಚ್ಛ ಮಾಡುತ್ತದೆಂದು ಬಿಟ್ಟಿರುವ ಸಕ್ಕರ್ ಮೀನು ಒಂದು ಅಡಿಗಿಂತ ಉದ್ದ ಬೆಳೆಯುತ್ತದೆ. ಆಸ್ಕರ್ ಮೀನೂ ಒಂದು ಅಡಿಯವರೆಗೆ ಬೆಳೆಯುತ್ತದೆ. ಮೂರು ಅಡಿ ತೊಟ್ಟಿ ಇವೆರಡಕ್ಕೂ ಸಾಲದು. ಅಂಥವಿದ್ದರೆ, ಅವನ್ನು ದೊಡ್ಡ ತೊಟ್ಟಿ ಇರುವವರಿಗೆ ಅಥವಾ ಅಂಗಡಿಗೆ ತಲುಪಿಸುವ ಜವಾಬ್ದಾರಿ ಮಾರುವವರದೇ ಎಂದು ಮೊದಲೇ ಮಾತಾಗಬೇಕು. ಬೇಡವಾದ ಮೀನನ್ನು ಅಪ್ಪನ ಕೆರೆಗೋ ಭೀಮಾ ನದಿಗೋ ಬಿಟ್ಟರೆ ಪುಣ್ಯ ಬರುತ್ತದೆ ಎಂದು ಭಾವಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೆಯೇ ನಮ್ಮ ದೇಶದ ಹಲವು ಕೆರೆ ನದಿಗಳನ್ನು ಸೇರಿ, ದಂಡೆ ಕೊರೆದು ಬಿಲ ಮಾಡುತ್ತ, ಅಲ್ಲಿನ ಮೀನುಗಳ ಪಾಲನ್ನು ಕಸಿಯುತ್ತ ಮೀನುಗಾರರ ಬಲೆಗಳನ್ನೂ ಹಾಳುಮಾಡುತ್ತಿದೆ. ತೊಟ್ಟಿಯಲ್ಲಿ ನಮ್ಮ ನಾಡಿನ ಆಮೆಯನ್ನು ಇಟ್ಟಿದ್ದರೆ ಅದನ್ನು ತರಲೇಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಸಾಕುವುದು ಅಪರಾಧ.

ಉಳಿದ ಮೀನುಗಳು ನಮ್ಮ ಬೇಸಿಗೆಯನ್ನು ತಾಳುತ್ತವೆಯೇ ಎಂದೂ ಯೋಚಿಸಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಇರುವುದು 30 ಡಿಗ್ರಿಯಲ್ಲಿ 7.5ಕ್ಕೆ ಇಳಿಯುತ್ತದೆ. ಗಪ್ಪಿ, ಮೋಲಿಯಂಥವು ಗಡಸು ನೀರಿಗೂ ಸೆಕೆಗೂ ಹೊಂದಿಕೊಳ್ಳುತ್ತವೆ. ತಂಪು ನೀರು ಬಯಸುವ ಗೋಲ್ಡ್ ಫಿಶ್ ಬೇಸಿಗೆಯಲ್ಲಿ ಬಳಲುತ್ತದೆ. ಕರೆಂಟು ಹೋದಾಗ ನಡೆಯುವ ಬ್ಯಾಟರಿ ಏರ್ ಪಂಪ್ ಒಂದನ್ನು ತೊಟ್ಟಿಯ ಜೊತೆಗೇ ಕೊಂಡಿಟ್ಟುಕೊಳ್ಳಿ.

ಸಾಗಿಸುವಾಗ ನೀರನ್ನೂ ಹರಳುಕಲ್ಲನ್ನೂ ಪೂರ್ತಿ ತೆಗೆದಿರಬೇಕು. ಅಡಿಯಲ್ಲಿ ಒಂದಿಷ್ಟು ಕಲ್ಲು ಇದ್ದರೂ ಎತ್ತುವಾಗ ತಳದ ಬೆಸುಗೆ ಎಳೆಯುತ್ತದೆ. ಇಬ್ಬರು ತಳದಿಂದ ಹಿಡಿದು ಎತ್ತಬೇಕೇ ಹೊರತು ಮೇಲಿನ ಗಾಜಿನ ಪಟ್ಟಿಯನ್ನು ಹಿಡಿಯಬಾರದು. ಟಂಟಂನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರುವ ಸಾಹಸ ಬೇಡ. ಸಣ್ಣ ಗೂಡ್ಸ್ ಗಾಡಿಯಲ್ಲಿ ದಪ್ಪ ಗಾದಿಯ ಮೇಲೆ ನೆಟ್ಟಗೆ ನಿಲ್ಲಿಸಿ ತನ್ನಿ.

ಬೆಲೆಯ ಬಗ್ಗೆ ಹೇಳುವುದಾದರೆ, ಊರಿನ ಅಂಗಡಿಯಲ್ಲಿ ಅದೇ ಅಳತೆ, ಅದೇ ದಪ್ಪದ ಗಾಜಿನ ಹೊಸ ತೊಟ್ಟಿಯ ದರ ಕೇಳಿಕೊಂಡು ಹೋಗಿರಿ. ಬೆಸುಗೆ ಗಟ್ಟಿಯಿದ್ದು, ಸ್ಟ್ಯಾಂಡು ನೆಟ್ಟಗಿದ್ದು, ಫಿಲ್ಟರ್ ನಡೆಯುತ್ತಿದ್ದರೆ ಅರ್ಧ ಬೆಲೆ ನ್ಯಾಯವಾದದ್ದೇ, ಹೆಚ್ಚು ಚೌಕಾಶಿ ಬೇಡ. ತೊಟ್ಟಿ ಹತ್ತು ವರ್ಷಕ್ಕಿಂತ ಹಳೆಯದಾಗಿದ್ದರೆ ಬೆಸುಗೆ ಇಂದು ಚೆನ್ನಾಗಿ ಕಂಡರೂ ಅರ್ಧ ಬೆಲೆ ಹೆಚ್ಚೇ ಆಯಿತು. ಅಂಥದಕ್ಕೆ ಗಾಜಿನ ಮತ್ತು ಸ್ಟ್ಯಾಂಡಿನ ಬೆಲೆಯನ್ನಷ್ಟೇ ಕೊಟ್ಟು, ಹೊಸ ಬೆಸುಗೆಯ ಖರ್ಚನ್ನು ಈಗಲೇ ತೆಗೆದಿಡಿ.